ಒಂದು ಗಂಟೆಯ ಮಂಜು

ಮೊದಲ ದಿನ ಅವಳು ಕಂಡಾಗ ಅವನು ಕುರ್ಚಿಯ ತುದಿಯಲ್ಲಿ ಕೂತು, ಮುಖವನ್ನು ಪೂರಾ ಬಗ್ಗಿಸಿ, ನೆಲವನ್ನೇ ದಿಟ್ಟಿಸುತ್ತಿದ್ದ. ಬಲಗೆನ್ನೆ ಒದ್ದೆಯಾಗಿತ್ತು. ಅಳುತ್ತಿದ್ದಾನೆ ಎಂದುಕೊಂಡ ಅವಳು ಬಂದ ಕಾಲಲ್ಲೇ ಹಿಂದಿರುಗುತ್ತಿದ್ದಳು; ಅವನೇ ಯಾರದು ಎಂದ. ಏನಾದರೂ ಕಳೆದುಕೊಂಡಿರಾ ಎಂದು ಕೇಳಿದಳು.

"ಸದ್ಯಕ್ಕೆ ಲೋಕಾನೇ ಕಳ್ಕೊಂಡಿದೀನಿ," ಎಂದ. "ನೋಡ್ಕೊಂಡು ಕಾಲಿಡಿ, ಅಲ್ಲೇ ಎಲ್ಲೋ ಬಿದ್ದಿದೆ."

ಲೋಕ ಮೇಜಿನ ಕಾಲಿನ ಬಳಿ ಸಿಕ್ಕಿತು. ಅಂಗಿಯ ಗುಂಡಿಗಿಂತ ತುಸು ಅಗಲದ, ಗಾಜಿನಂತೆ ತಿಳಿಯಾದ, ಇರುವೆ ಸ್ನಾನ ಮಾಡಬಹುದಾದಂಥ ಒಂದು ಬಟ್ಟಲು.

ಅದು ಗ್ಲೋಬ್ ತಯಾರಿಸುವ ವರ್ಕ್‌ಶಾಪ್. ದೋಣಿಯಾಕಾರದ ಹನ್ನೆರಡು ಕಾಗದದ ಎಸಳುಗಳನ್ನು ಚೆಂಡಿನ ಮೇಲೆ ಸುಕ್ಕಿಲ್ಲದೆ ಅಂಟಿಸುವುದು ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು 'ಅಂಟು'. ಅಚ್ಚಿನಲ್ಲಿ ಮೂಡದ ಪುಟಾಣಿ ಹೆಸರುಗಳನ್ನು ಕೂದಲಿನಂಥ ಕುಂಚದಲ್ಲಿ ಬರೆಯುವ ಅವನು 'ಅಕ್ಷರ'. ಲೋಕಕ್ಕೆ ಹೆಸರಿಡುವುದು ಅವನ ಪಾಲು, ಆ ಹೆಸರು ಕೆಡದಂತೆ ನೋಡಿಕೊಳ್ಳುವುದು ಅವಳ ಪಾಲು.

ದುಂಡನೆಯ ಲೋಕ ಮಾಡುವವನ ಕಣ್ಣು ಮಾತ್ರ ದುಂಡಗಿರಲಿಲ್ಲ. ಕಣ್ಣಿನ ಮುಂಭಾಗ ಬುಗುರಿಯ ತುದಿಯಂತೆ ಚೂಪಾಗುವ ಕಾಯಿಲೆ. ಎಡಗಣ್ಣು ಎಂದೋ ರಾಜೀನಾಮೆ ಕೊಟ್ಟಿತ್ತು. ಬಲಗಣ್ಣು ಬಟ್ಟಲಿನಂಥ ಈ ದೊಡ್ಡ ಲೆನ್ಸಿನ ಕೃಪೆಯಿಂದ ಹಾಜರಿ ಹಾಕುತ್ತಿತ್ತು. ಬಟ್ಟಲಿಗೆ ಅಂಚಿನವರೆಗೆ ಸಲೈನ್ ತುಂಬಿ, ಮುಖವನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ, ಒಂದೇ ಒಂದು ಗಾಳಿಗುಳ್ಳೆಯೂ ನುಸುಳದಂತೆ ಕೆಳಗಿನಿಂದ ಕೂರಿಸಬೇಕು. ಬೆಳಿಗ್ಗೆ ಮನೆಯಲ್ಲಿ ಅವನ ಅಕ್ಕ ಕೂರಿಸುತ್ತಿದ್ದಳು. ಆ ಅಕ್ಕನಿಗೆ ನಡೆಯಲಾಗುತ್ತಿರಲಿಲ್ಲ. ಅವಳಿಗೆ ಇವನು ಕಾಲು, ಇವನಿಗೆ ಅವಳು ಕೈ. ಆದರೆ ನಾಲ್ಕೈದು ಗಂಟೆ ಕಳೆದರೆ ಲೆನ್ಸಿನೊಳಗಿನ ನೀರು ಕದಡಿ ಮಂಜು ಕವಿಯುತ್ತಿತ್ತು. ತೆಗೆದು, ತೊಳೆದು, ಮತ್ತೆ ತುಂಬಬೇಕು. ಲೆನ್ಸ್ ತೆಗೆದರೆ ಲೆನ್ಸ್ ಎಲ್ಲಿದೆಯೆಂದು ಕಾಣಲು ಲೆನ್ಸ್ ಬೇಕು ಎಂಬ ಫಜೀತಿ.

ಅಂದಿನಿಂದ ಮಧ್ಯಾಹ್ನ ಒಂದು ಗಂಟೆಯ ಕೈ ಅಂಟುವಿನದಾಯಿತು.

ಒಂದು ಹೊಡೆದೊಡನೆ ಅವನು ಕುಂಚ ಕೆಳಗಿಟ್ಟು, "ಮಂಜು ಬಂದಳು," ಎನ್ನುತ್ತಿದ್ದ. ಹೊಸ ಸೂಪರ್‌ವೈಸರ್ ಈ ಮಂಜು ಯಾರು, ದಿನಾ ಊಟದ ಹೊತ್ತಿಗೇ ಯಾಕೆ ಬರುತ್ತಾಳೆ ಎಂದು ಒಂದು ವಾರ ಗುಟ್ಟಾಗಿ ತನಿಖೆ ನಡೆಸಿದ್ದರು. ಅಂಟು ಕೈ ತೊಳೆದು, ರಬ್ಬರಿನ ಪುಟ್ಟ ಕಡ್ಡಿಯಿಂದ ಲೆನ್ಸ್ ಬಿಡಿಸಿ, ಒಳಗಿನ ನೀರನ್ನು ಕಡುನೀಲಿ ಸಮುದ್ರದ ಕಾಗದದ ಚೂರೊಂದರ ಮೇಲೆ ಚೆಲ್ಲುತ್ತಿದ್ದಳು. ನೀಲಿಯ ಮೇಲೆ ಮಂಜೆಷ್ಟು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಲಿನ ಲೋಟ ತೊಳೆದ ನೀರಿನಂತಿದ್ದರೆ "ಹಾಲು", ಅಷ್ಟಿಲ್ಲದಿದ್ದರೆ "ಮಜ್ಜಿಗೆ" ಎಂದು ವರದಿ ಒಪ್ಪಿಸುತ್ತಿದ್ದಳು.

ಆಮೇಲೆ ಅವಳು ಮೋಟು ಸ್ಟೂಲಿನ ಮೇಲೆ ಅವನ ಮುಖದ ಕೆಳಗೆ ಕೂರುವಳು. ಒಬ್ಬರ ಮುಖವನ್ನು ಹಾಗೆ ಕೆಳಗಿನಿಂದ, ಗೇಣು ದೂರದಿಂದ, ದಿನಾ ನೋಡುವ ಅವಕಾಶ ತಾಯಂದಿರಿಗೂ ಸಿಗುವುದಿಲ್ಲ. ಗದ್ದದ ಕೆಳಗೆ ಕ್ಷೌರ ತಪ್ಪಿಸಿಕೊಂಡ ಎರಡು ಕೂದಲು. ರೆಪ್ಪೆಯಂಚಿನಲ್ಲಿ ಸಾಸಿವೆಯಷ್ಟು ಮಚ್ಚೆ. ಅವಳನ್ನೇ ನೋಡುತ್ತಿದ್ದೂ ಅವಳನ್ನು ಕಾಣದ ಕಣ್ಣು. ಆ ಧೈರ್ಯದಲ್ಲೇ ಅವಳು ಬೇಕಾದಷ್ಟು ಹೊತ್ತು ನೋಡುತ್ತಿದ್ದಳು. ಲೆನ್ಸ್ ಕೂತಾಗ ಹೆಚ್ಚಾದ ನೀರು ಎರಡು ಹನಿ ಅವಳ ಮಣಿಕಟ್ಟಿನ ಮೇಲೆ ಬೀಳುವುದು. ಯಾವಾಗಲೂ ಎರಡೇ.

"ಲೋಕ ಹೇಗಿದೆ?" ಎಂದು ಕೇಳುವಳು.

ಅವನು ತನ್ನ ದನಿಯಲ್ಲಿ ಎಂದೂ ಉತ್ತರ ಕೊಟ್ಟವನಲ್ಲ. ಒಮ್ಮೆ ಸೂಪರ್‌ವೈಸರರ ಮೂಗಿನಲ್ಲಿ "ಅಂಚು ಎದ್ದಿದೆ, ಸ್ವಲ್ಪ ಒತ್ತಿ" ಎನ್ನುವನು. ಒಮ್ಮೆ ಕ್ಲಿನಿಕ್ಕಿನ ಡಾಕ್ಟರಮ್ಮನಾಗಿ "ಮುಖ ಬಗ್ಗಿಸಿ, ನೆಲದ ಮೇಲೆ ಇರುವೆ ಹುಡುಕಿ, ಸಿಕ್ಕಿತಾ, ನಮಸ್ಕಾರ ಹೇಳಿ" ಎನ್ನುವನು. ಅವಳು ನಗುವಳು. ಮೂರು ವರ್ಷ ಹೀಗೇ ನಡೆಯಿತು.

ಆಗ ದೂರದ ಊರಿನ ಮ್ಯೂಸಿಯಂ ಅವಳನ್ನು ಕರೆಯಿತು. ಅಲ್ಲಿ ಆಳೆತ್ತರದ ಹಳೆಯ ಗ್ಲೋಬೊಂದು ಬಿರುಕು ಬಿಟ್ಟು, ಖಂಡಗಳು ಸಿಪ್ಪೆಯೆದ್ದು ನಿಂತಿತ್ತು. ಅದನ್ನು ಉಳಿಸಲು ಕೈಯೊಂದು ಬೇಕಿತ್ತು. ಕೆಲಸ ಕಲಿತ ದಿನದಿಂದ ಅದರ ಫೋಟೋ ಅವಳ ಮೇಜಿನ ಗೋಡೆಯ ಮೇಲಿತ್ತು. ಅವಳು ಒಂದು ತಿಂಗಳು ಕಾಲಾವಕಾಶ ಕೇಳಿದಳು, ಮತ್ತೊಂದು ತಿಂಗಳು ಕೇಳಿದಳು. ಅಷ್ಟರಲ್ಲಿ ಅವನ ಬೆನ್ನು ಹತ್ತಿ ಕ್ಲಿನಿಕ್ಕಿಗೆ ಕಳಿಸಿ, ಅಂಚು ಇನ್ನೂ ಬಿಗಿಯಾಗಿ ಕೂರುವ, ಕಸ ಒಳನುಸುಳದ ಹೊಸ ಲೆನ್ಸಿಗೆ ಅಳತೆ ಕೊಡಿಸಿದಳು.

"ನಿಮ್ಮ ಮಂಜು ನಿಂತ ದಿನ ನಾನು ಹೊರಡ್ತೀನಿ," ಎಂದಿದ್ದಳು, ನಗುತ್ತಲೇ.

ಹೊಸ ಲೆನ್ಸ್ ಬಂತು. ಮೊದಲ ದಿನವೇ ಒಂದು ಗಂಟೆಗೆ ಅವನು, ಮಂಜು ಬಂದಳು ಎಂದ. ಅವಳು ಲೆನ್ಸ್ ಬಿಡಿಸಿ ನೀಲಿ ಕಾಗದದ ಮೇಲೆ ನೀರು ಚೆಲ್ಲಿದಳು. ಬಾವಿಯಿಂದ ಆಗಷ್ಟೇ ಸೇದಿದಷ್ಟು ತಿಳಿ. ನೀಲಿ ಹಾಗೇ ನೀಲಿಯಾಗಿತ್ತು. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೇಗಿದೆ ನೀರು ಎಂದು ಹಿಂದಿನಿಂದ ಅವನು ಕೇಳಿದ.

"ಹಾಲು," ಎಂದಳು.

ಹೇಳಿಯಾದ ಮೇಲೆ ಅವಳ ಕಿವಿ ಬಿಸಿಯಾಯಿತು. ಪಾಪ, ಕಣ್ಣು ಕಾಣದವನಿಗೆ ಮೋಸ ಮಾಡಿದೆನಲ್ಲ ಎನಿಸಿತು. ಆದರೂ ಮರುದಿನವೂ ಹಾಲೆಂದಳು. ಅದರ ಮರುದಿನ, ನಾಚಿಕೆಗೆಂದು ಒಮ್ಮೆ, ಮಜ್ಜಿಗೆ ಎಂದಳು. ಹನ್ನೊಂದು ದಿನ ಹೀಗಾಯಿತು. ಅವನ ಮಿಮಿಕ್ರಿ ಮಾತ್ರ ದಿನದಿಂದ ದಿನಕ್ಕೆ ಮಂದವಾಗುತ್ತಾ ಬಂತು. ಹನ್ನೆರಡನೆಯ ದಿನ ಮ್ಯೂಸಿಯಂನ ಪತ್ರ ಬಂತು: ಸೋಮವಾರ ಬರದಿದ್ದರೆ ಬೇರೆಯವರನ್ನು ನೇಮಿಸಿಕೊಳ್ಳುತ್ತೇವೆ. ಅವಳು ಅದನ್ನು ಮಡಿಸಿ ಅಂಟಿನ ಡಬ್ಬಿಯ ಕೆಳಗಿಟ್ಟು, ಒಂದು ಗಂಟೆಗೆ ಎಂದಿನಂತೆ ಕೈ ತೊಳೆದು ಬಂದಳು.

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮುಖ ಬಗ್ಗಿಸಲಿಲ್ಲ.

"ಇವತ್ತು ಮಂಜಿಲ್ಲ," ಎಂದ.

ಅವಳು ಸ್ಟೂಲು ಎಳೆದುಕೊಳ್ಳುತ್ತಾ, ಇದು ಯಾರ ದನಿ ಎಂದು ಕೇಳಿದಳು. ಯಾರದೆಂದು ಗುರುತು ಸಿಕ್ಕಿರಲಿಲ್ಲ.

"ನಂದೇ. ನಿನ್ನೆನೂ ಇರಲಿಲ್ಲ. ಹೊಸ ಲೆನ್ಸ್ ಬಂದ ದಿನದಿಂದಾನೇ ಇಲ್ಲ. ಸಂಜೆವರೆಗೂ ಕೂದಲೆಳೆ ಎಣಿಸೋ ಅಷ್ಟು ಕಾಣ್ಸುತ್ತೆ."

ಅವಳ ಕೈಯಲ್ಲಿದ್ದ ಸಲೈನ್ ಬಾಟಲಿ ಅಲ್ಲೇ ನಿಂತಿತು. ಹಾಗಾದರೆ ದಿನಾ ಯಾಕೆ ತೆಗೆಸುತ್ತಿದ್ದಿರಿ ಎಂದು ಕೇಳುವ ಹಕ್ಕು ಅವಳಿಗಿರಲಿಲ್ಲ. ಅವನೇ ಮುಂದುವರಿಸಿದ.

"ಮೊದಲ ದಿನ ಸುಳ್ಳು ಹೇಳಿದ್ದು ನಾನು. ನೀನು ನೀರು ನೋಡಿ, ತಿಳಿಯಾಗಿದೆಯಲ್ರೀ ಕಳ್ಳ, ಅಂತ ಬೈತೀಯ, ನಗ್ತೀವಿ, ಮುಗೀತು ಅಂದ್ಕೊಂಡಿದ್ದೆ. ನೀನು ಹಾಲು ಅಂದೆ." ಮೂರು ವರ್ಷದಲ್ಲಿ ಅವನು 'ನೀನು' ಎಂದದ್ದು ಇದೇ ಮೊದಲು. "ನನ್ನ ಸುಳ್ಳಿಗೆ ನೀನು ಸಾಕ್ಷಿ ಹೇಳಿದೆ. ಅವತ್ತೇ ಬಾಯಿ ಬಿಡಬೇಕಿತ್ತು. ಹನ್ನೊಂದು ದಿನ ಆಸೆಗೆ ಬಿದ್ದೆ."

ಅವಳು ನೆಲ ನೋಡಿದಳು. ಅಲ್ಲಿ ಇರುವೆಯೂ ಇರಲಿಲ್ಲ.

"ಇರು ಅಂತ ಒಂದು ಮಾತು ಕೇಳಬಹುದಿತ್ತಲ್ಲ," ಎಂದಳು.

"ಕೇಳಿದ್ರೆ ಇರ್ತೀಯ. ಅದಕ್ಕೇ ಕೇಳಲಿಲ್ಲ."

ನೀವೂ ಬನ್ನಿ ಎಂಬ ಮಾತು ಅವಳ ತುದಿನಾಲಿಗೆಯವರೆಗೆ ಬಂತು. ಕಿಟಕಿಯ ಪಕ್ಕದ ಹಾಸಿಗೆಯಿಂದಲೇ ಎಲ್ಲರನ್ನೂ ಗದರಿಸುವ ಅವನ ಅಕ್ಕ ನೆನಪಾದಳು. ಮಾತನ್ನು ನುಂಗಿಕೊಂಡಳು. ಅವಳು ನುಂಗಿದ್ದು ಅವನಿಗೂ ಕಂಡಿತು. ಎಲ್ಲ ಕಾಣುವ ಲೆನ್ಸಿನ ಪಾಡು ಅದು.

"ಇನ್ನೊಂದು ಸಲ ಹಾಕ್ತೀನಿ," ಎಂದಳು. "ಸುಮ್ಮನೆ."

ಬೇಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಮುಖ ಬಗ್ಗಿಸಿದ. ಅವಳು ಲೆನ್ಸ್ ಬಿಡಿಸಿ, ನೀಲಿ ಕಾಗದದ ಮೇಲೆ ನೀರು ಚೆಲ್ಲಿ, ಈ ಸಲ ನಿಜ ಹೇಳಿದಳು: ತಿಳಿ. ತೊಳೆದಳು, ಅಂಚಿನವರೆಗೆ ತುಂಬಿದಳು, ಸ್ಟೂಲಿನ ಮೇಲೆ ಕೂತು ಆ ಎರಡು ಕೂದಲನ್ನೂ ಸಾಸಿವೆ ಮಚ್ಚೆಯನ್ನೂ ಪರೀಕ್ಷೆಗೆ ಓದುವವಳಂತೆ ಮತ್ತೊಮ್ಮೆ ಓದಿಕೊಂಡಳು. ಆಮೇಲೆ ಲೆನ್ಸನ್ನು ಮೇಲೆತ್ತಿದಳು.

ಲೆನ್ಸ್ ಒಂದೇ ಸಲಕ್ಕೆ, ಗುಳ್ಳೆಯಿಲ್ಲದೆ ಕೂತಿತು. ಎರಡು ಹನಿ ಮಣಿಕಟ್ಟಿನ ಮೇಲೆ ಬಿದ್ದವು.

"ಲೋಕ ಹೇಗಿದೆ?" ಎಂದು ಕೇಳಿದಳು.

ದಿನಾ ಲೆನ್ಸ್ ಕೂತೊಡನೆ ತಲೆಯೆತ್ತುತ್ತಿದ್ದವನು ಇಂದು ಎತ್ತಲಿಲ್ಲ. ಗೇಣು ದೂರದಲ್ಲಿ ಆ ಕಣ್ಣು, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಅದೇ ಭಂಗಿಯಲ್ಲಿ ನಿಂತು ಅವಳನ್ನು ಕಾಣುತ್ತಿತ್ತು.

"ಚೆನ್ನಾಗಿ ಕಾಣ್ತಿದೆ," ಎಂದ, ತನ್ನದೇ ದನಿಯಲ್ಲಿ.

ಆಗ ಮೂರನೆಯ ಹನಿ ಬಿತ್ತು. ಅವಳು ಕೈ ಸರಿಸಲಿಲ್ಲ.