ಸ್ವಾಮಿಯ ನಂಬರು

"ಅಲ್ಲಿ ಕಾಲಿಡ್ಬೇಡಿ!"

ಪ್ರಸನ್ನ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. ಪಂಪ್‌ಹೌಸಿನ ಹೊಸ್ತಿಲ ಮುಂದೆ ಬಾಳೆ ಎಲೆ ಹಾಸಿತ್ತು. ಅದರ ಮೇಲೆ ಮುದ್ದೆ, ಉಪ್ಸಾರು, ಒಂದು ತುಂಡು ಬೆಲ್ಲ. ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತಿದ್ದವಳಿಗೆ ಅವನ ಒಂಟಿಕಾಲಿನ ಭಂಗಿ ನೋಡಿ ನಗು ಬಂತು, ತಡೆದುಕೊಂಡಳು. ತಡೆದ ನಗು ಕಣ್ಣಲ್ಲೇ ಉಳಿಯಿತು. ಅಷ್ಟಕ್ಕೇ ನಮ್ಮ ಹುಡುಗ ಬಂದ ಕೆಲಸ ಮರೆತ.

"ಸ್ವಾಮಿಯವರ ತೋಟ ಇದೇನಾ?"

"ಹೂಂ."

"ಅವರಿದ್ದಾರಾ?"

"ಸಂಜೆ ಬತ್ತಾರೆ. ಕರೆಂಟು ಬಂದ್ಮೇಲೆ."

ಮದ್ದೂರಿನ ಪ್ರಸನ್ನನದು ಒಂದು ಯೂಟ್ಯೂಬ್ ಚಾನೆಲ್. ನಿಮ್ಮ ಸಮಯ ಉಳಿಸುತ್ತೇವೆ, ಕೆಲಸ ಹಗುರ ಮಾಡುತ್ತೇವೆ ಎಂದು ಮಾರಾಟಕ್ಕೆ ಬರುವ ಆ್ಯಪು, ವಾಚು, ಗ್ಯಾಜೆಟ್ಟುಗಳನ್ನು ತಾನೇ ಬಳಸಿ ನೋಡಿ, ಕೊಂಡರೆ ಲಾಭವೋ ದಂಡವೋ ಎಂದು ಮುಲಾಜಿಲ್ಲದೆ ಹೇಳುವುದು ಅವನ ಉದ್ಯೋಗ. ಚಾನೆಲ್ಲಿಗೆಂದು ತೆಗೆದುಕೊಂಡ ಹೊಸ ಸಿಮ್ಮಿಗೆ ಒಂದು ಮಷೀನಿನ ಕರೆ ಬರುತ್ತಿತ್ತು. ಕರೆಂಟ್ ಬಂದಿದೆ, ಮೋಟರ್ ಆನ್ ಮಾಡಲು ಒಂದನ್ನು ಒತ್ತಿ. ಯಾರೋ ಕಂಪನಿಯವರು ಫೋನಿನಿಂದಲೇ ಪಂಪು ಓಡಿಸುವ ಮೊಬೈಲ್ ಸ್ಟಾರ್ಟರ್ ಡಬ್ಬಿಯನ್ನು ಎಲ್ಲೋ ಕೂರಿಸಿ, ಪರೀಕ್ಷೆಗೆಂದು ತನ್ನ ನಂಬರು ಹಾಕಿದ್ದಾರೆ ಎಂದುಕೊಂಡ. ಒತ್ತುತ್ತಾ ಬಂದ. ಡಬ್ಬಿ ಒಮ್ಮೆಯೂ ಕೈಕೊಡಲಿಲ್ಲ. ಇನ್ನು ವಿಡಿಯೊ ಮಾಡೋಣ ಎಂದು ಸ್ಟಾರ್ಟರ್ ಮಾರುವ ಅಂಗಡಿಯಲ್ಲಿ ನಂಬರು ತೋರಿಸಿ ವಿಚಾರಿಸಿದಾಗ, ಅದು ಕೊಪ್ಪದ ಸ್ವಾಮಿ ತೋಟದ್ದು ಎಂದು ದಾರಿ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಒಬ್ಬ ಮುದುಕಿ ಬಂದಳು. ಸ್ವಾಮಿಯ ತಾಯಿ ಮಂಚಮ್ಮ.

"ನನ್ ಮಗನ್ನ ನೋಡಾಕೆ ಬಂದ್ಯಾ? ಓದ ವರ್ಸ ಬೈಕಲ್ಲಿ ಬಿದ್ದು ಓಗ್ಬುಟ್ಟ ಕಣಪ್ಪ. ಆದ್ರೂ ಗದ್ದೆ ಬುಟ್ಟಿಲ್ಲ. ಅವ್ನ ಫೋನು ಪೆಟ್ಟಿಗೇಲಿ ಸತ್ತು ಬಿದ್ದೈತೆ, ಮೋಟ್ರು ಮಾತ್ರ ತಾನಾಗೇ ಓಡ್ತದೆ. ಅವ್ನಲ್ದೆ ಇನ್ಯಾರು ಸ್ವಿಚ್ ಆಕಾರು?" ಎಂದು ಹೊರೆ ಇಳಿಸಿದಳು. "ನಮ್ ಸೊಸೆ ಗಗನಂದು ಅದ್ಕೇ ಜೀವ ನಿಂತೈತೆ."

ರೀಚಾರ್ಜಿಲ್ಲದೆ ಬಿದ್ದ ನಂಬರನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆಂಬುದು ಪ್ರಸನ್ನನಿಗೆ ಗೊತ್ತಿತ್ತು. ಸ್ವಾಮಿಯ ನಂಬರು ಈಗ ತನ್ನ ಜೇಬಿನಲ್ಲಿದೆ.

ಅದೇ ಹೊತ್ತಿಗೆ ಜೇಬು ನಡುಗಿತು. ಅತ್ತೆ ಸೊಸೆ ಇಬ್ಬರೂ ಪಂಪ್‌ಹೌಸಿನ ಕಡೆ ಮುಖ ಮಾಡಿ ಕಾಯುತ್ತಿದ್ದರು. ಪ್ರಸನ್ನ ತೆಂಗಿನ ಮರದ ಹಿಂದಕ್ಕೆ ಸರಿದು, ಕಳ್ಳನಂತೆ ಒಂದನ್ನು ಒತ್ತಿದ. ಮೋಟರು ಗುಯ್ಯೆಂದಿತು. ಗಗನ ಸೆರಗು ಸರಿಮಾಡಿಕೊಂಡು, ಗಂಡ ಬಾಗಿಲಿಗೆ ಬಂದಾಗ ಹೆಂಗಸರು ನಗುವಂತೆ, ಆ ಕಬ್ಬಿಣದ ಡಬ್ಬಿಗೆ ನಕ್ಕಳು. ಆ ನಗು ನೋಡಿ ಪ್ರಸನ್ನನಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚಾಯಿತು.

ನಿಜ ಹೇಳಲು ಬಾಯಿ ಬರಲಿಲ್ಲ. ರಿವ್ಯೂ ಮುಗಿದಿಲ್ಲ ಎಂಬ ನೆಪದಲ್ಲಿ ಮತ್ತೆ ಬಂದ, ಮತ್ತೆ ಮತ್ತೆ ಬಂದ.

"ಇನ್ನೂ ಎಷ್ಟು ದಿನ ಬೇಕ್ರೀ ಒಂದು ಡಬ್ಬಿ ನೋಡಾಕೆ?" ಗಗನ ಎಳನೀರು ಕೊಡುತ್ತಾ ಕೆಣಕಿದಳು.

"ನಿಧಾನಕ್ಕೆ ನೋಡ್ಬೇಕು. ದುಡ್ಡು ಕೊಡೋ ಜನ ನನ್ನ ಮಾತು ನಂಬ್ತಾರಲ್ವಾ?"

"ಕ್ಯಾಮೆರಾ ಡಬ್ಬಿ ಕಡೆ ಇದ್ರೂ ನಿಮ್ ಕಣ್ಣು ಅಲ್ಲಿಲ್ಲ."

ಅವನು ಎಳನೀರು ನೆತ್ತಿಗೇರಿಸಿಕೊಂಡು ಕೆಮ್ಮಿದ. ಅವಳು ಬಾಯಿಬಿಟ್ಟು ನಕ್ಕಳು. ಮರುಕ್ಷಣ ಯಾರೋ ಗದರಿದಂತೆ ಸುಮ್ಮನಾಗಿ ಪಂಪ್‌ಹೌಸಿನ ಕಡೆ ನೋಡಿದಳು. ಅವಳು ನಕ್ಕಾಗಲೆಲ್ಲ ಹೀಗೇ ಆಗುತ್ತಿತ್ತು. ಅವನಿಗೂ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸತೊಡಗಿತ್ತು. ಮನೆಯಲ್ಲಿ ಒಬ್ಬನೇ ಕೂತು ಒಂದನ್ನು ಒತ್ತುವಾಗ, ಈ ಬೆರಳು ತನ್ನದೋ ಅವನದೋ ಎಂದು ಅನುಮಾನವಾಗುತ್ತಿತ್ತು.

ಒಂದು ಸಂಜೆ ಬದುವಿನ ಮೇಲೆ ಕುಳಿತಿದ್ದಾಗ ಪ್ರಸನ್ನ ಕೇಳಿಯೇಬಿಟ್ಟ. "ಈ ಊರಲ್ಲಿ ಎಲ್ಲರ ಜಡೆಯಲ್ಲೂ ಹೂವಿರುತ್ತೆ. ನಿಮ್ಮತ್ತೇನೂ ಮುಡ್ಕೋ ಅಂತಾರೆ. ನೀವ್ಯಾಕೆ ಮುಡಿಯಲ್ಲ?"

ಗಗನ ಹುಲ್ಲಿನ ಎಸಳೊಂದನ್ನು ಸೀಳುತ್ತಾ ಹೇಳಿದಳು. "ಮುಡ್ಕೊಂಡಿದ್ದೆ. ಚಿಕ್ಕರಸಿನಕೆರೇಲಿ ತಂಗಿ ಮದ್ವೆ, ಅತ್ತೇನೇ ಮಲ್ಲಿಗೆ ಮುಡಿಸಿದ್ರು. ಅವತ್ತಿಂದ ಮೋಟ್ರು ಓಡ್ಲಿಲ್ಲ. ವಾರ ಪೂರ್ತಿ ಓಡ್ಲಿಲ್ಲ. ನಾನೇ ಸ್ವಿಚ್ ಹಾಕಿ ನೀರು ಕಟ್ಟಿದೆ. ಅವ್ರಿಗೆ ಕೋಪ ಬಂದದೆ ಅಂತ ಇಲ್ಲೇ ಕೂತು ಬೇಡ್ಕೊಂಡೆ. ಇನ್ಮೇಲೆ ಮುಡಿಯಲ್ಲ ಅಂತ ಆಣೆ ಇಟ್ಟೆ, ಎಡೆ ಇಟ್ಟೆ. ಆಮೇಲೆ ಬಂದ್ರು."

ಯಾವ ವಾರವೆಂದು ಪ್ರಸನ್ನ ಕೇಳಬೇಕಾಗಲಿಲ್ಲ. ಗಮನ ಚದುರದಂತೆ ಫೋನಿಗೆ ಬೀಗ ಹಾಕುವ ಆ್ಯಪೊಂದನ್ನು ಅವನು ಪರೀಕ್ಷೆ ಮಾಡಿದ ವಾರ ಅದು. ಒಂದು ಕರೆಯೂ ಒಳಗೆ ಬರಲಿಲ್ಲ, ಎಂಥ ನೆಮ್ಮದಿ, ಕಣ್ಮುಚ್ಚಿ ತಗೊಳ್ಳಿ ಎಂದು ವಿಡಿಯೊದಲ್ಲಿ ಹಾಡಿ ಹೊಗಳಿದ್ದ. ಅವನ ನೆಮ್ಮದಿಗೆ ಇಲ್ಲೊಬ್ಬಳು ಹೂವು ಮುಡಿಯುವುದನ್ನೇ ಬಿಟ್ಟಿದ್ದಳು. ತಾನು ಸುಮ್ಮನಿದ್ದರೆ ಇವಳು ಮುಂದೆ ನಗುವನ್ನೂ ಬಿಡುತ್ತಾಳೆ. ಹೇಳಿದರೆ ತನ್ನ ಮುಖ ನೋಡುವುದಿಲ್ಲ. ಆದರೂ ಹೇಳಿದ.

"ಅವರಿಗೆ ಕೋಪ ಬಂದಿರ್ಲಿಲ್ಲ, ಗಗನ. ನನ್ನ ಫೋನಿಗೆ ಬೀಗ ಹಾಕಿದ್ದೆ. ಅವರ ನಂಬರು ಈಗ ನನ್ನ ಹತ್ರ ಇದೆ. ಒತ್ತುತ್ತಿದ್ದೋನು ನಾನು."

ಅವಳು ಹುಲ್ಲಿನ ಎಸಳನ್ನು ಬಿಸಾಡಿ ಅವನ ಕಡೆ ತಿರುಗಿದಳು.

"ಗೊತ್ತಿದ್ದೂ ಬಂದು ಎಳನೀರು ಕುಡ್ದು ಓದ್ರಾ?"

"ಹೌದು. ಹೇಳಿದ್ರೆ ನಿಮ್ಮನ್ನ ನೋಡೋಕೆ ನೆಪ ಇರಲ್ಲ ಅಂತ ಸುಮ್ನಿದ್ದೆ. ನನಗೆ ನೀವು ಬೇಕು ಅನ್ನಿಸಿಬಿಟ್ಟಿದೆ. ಅವರ ವೇಷದಲ್ಲಿ ಬೇಡ."

ಅವಳು ದಡಕ್ಕನೆ ಎದ್ದು ಪಂಪ್‌ಹೌಸಿಗೆ ಹೋದಳು. ಗೋಡೆಯ ಡಬ್ಬಿಯ ಮೇಲೆ ಅಂಗೈ ಇಟ್ಟು ನಿಂತಳು. ಗಂಡ ಸತ್ತ ದಿನ ಅಳದಿದ್ದವಳು ಎಂದು ಊರು ಆಡಿಕೊಂಡಿತ್ತಂತೆ. ಇವತ್ತು ಅತ್ತಳು, ದನಿ ತೆಗೆದು, ಬಿಕ್ಕಿ ಬಿಕ್ಕಿ ಅತ್ತಳು. ಪ್ರಸನ್ನ ಹೊಸ್ತಿಲ ಈಚೆಗೇ ನಿಂತ. ಒಳಗೆ ಅವಳ ಜೊತೆ ಇದ್ದವನಿಗೆ ಆ ಹೊತ್ತು ಸಲ್ಲಬೇಕಿತ್ತು.

ಹೊರಗೆ ಬಂದಾಗ ಅವಳ ಮುಖ ಊದಿತ್ತು.

"ಇದಕ್ಕೆ ನನ್ ನಂಬರು ಹಾಕಾಕಾಯ್ತದಾ?"

"ಹಳೇ ನಂಬರಿಂದ ಮೆಸೇಜ್ ಕಳಿಸ್ಬೇಕು. ನಾನೇ ಕಳಿಸ್ಬೇಕು."

"ಕಳ್ಸಿ."

ಅವಳ ನಂಬರು ಬರೆದು ಕಳಿಸಿದ. ಇನ್ನು ಈ ತೋಟದಿಂದ ತನಗೆ ಕರೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಗಗನಳ ಫೋನು ಕೂಗಿತು. ಅವಳೇ ಒತ್ತಿದಳು. ನೀರು ಕೆನೆನೊರೆಯಾಗಿ ಕಾಲುವೆಗೆ ಬಿತ್ತು. ಅವಳು ಸೀರೆ ಎತ್ತಿಕಟ್ಟಿ, ಗುದ್ದಲಿ ಹಿಡಿದು, ತಿರುಗಿ ನೋಡದೆ ನೀರು ಕಟ್ಟಲು ಇಳಿದಳು. ಪ್ರಸನ್ನ ಟ್ರೈಪಾಡು ಮಡಚಿ, ಬ್ಯಾಗು ಹೆಗಲಿಗೇರಿಸಿ ಬೈಕಿನ ಕಡೆ ನಡೆದ.

"ಓಯ್ ಪ್ರಸನ್ನ!"

ಕಬ್ಬಿನ ಸಾಲಿನಿಂದ ಬಂತು ಕೂಗು. ಹೆಸರು ಹಿಡಿದು ಅವಳು ಕರೆದದ್ದು ಅದೇ ಮೊದಲು.

"ನಾಳೆ ಬತ್ತೀರಾ?"

"ಇನ್ನೇನಿದೆ ಟೆಸ್ಟ್ ಮಾಡೋಕೆ?"

ಅವಳು ಗುದ್ದಲಿ ಊರಿ ನಿಂತು, ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಏನೂ ಇಲ್ಲ. ಸುಮ್ನೆ ಬನ್ನಿ."