ಮೊಳೆ ಹೊಡೆದ ಕಂಬಳಿ

"ಇದಕ್ಕೆ ಮೊಳೆ ಒಡ್ದಿದ್ದು ಯಾರು?"

ಏಳನೇ ತರಗತಿಯ ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ನಿಂತ ಕುರಿಗಾಹಿ ಗೋವಿಂದರಾಜನ ಕಣ್ಣು ಗೋಡೆಯ ಮೇಲಿನ ಕರಿ ಕಂಬಳಿಯ ಮೇಲಿತ್ತು. ನಾಲ್ಕೂ ಮೂಲೆಗೆ ಮೊಳೆ. ಕೆಳಗೆ ತಮಿಳಿನಲ್ಲಿ ಒಂದು ಚೀಟಿ: 'ಹಿಂದೆ ಇಲ್ಲಿ ಬಾಳಿದ ಕುರುಬರು ಹೊದೆಯುತ್ತಿದ್ದ ಬಟ್ಟೆ.'

"ನಾನೇ..." ಎಂದಳು ಸುಗನ್ಯಾ ಟೀಚರ್.

ಸೇಲಂನ ಕನ್ನಡ ಮಾತಿನ ಮಗ್ಗದ ಮನೆಯ ಹುಡುಗಿ, ತಮಿಳುನಾಡಿನ ಗಡಿಯ ಕಡೆಯ ಮಾರಂಡಹಳ್ಳಿಯ ಈ ಶಾಲೆಗೆ ಚರಿತ್ರೆ ಕಲಿಸಲು ಬಂದವಳು. ಈ ನೆಲದ ಹಳೆಯ ಜನರ ಬಗ್ಗೆ ಮಕ್ಕಳಿಗೆ ಹೇಳಬೇಕೆಂದು ಗೋವಿಂದರಾಜನ ಕಂಬಳಿ ಕೇಳಿ ತಂದವಳೂ ಅವಳೇ, ಮಾತಾಡಲು ಅವನನ್ನು ಕರೆದವಳೂ ಅವಳೇ. ಬೆಳಗಿನಿಂದ ಅವನ ದಾರಿ ಕಾಯುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ!

"ಬಾಳಿದ ಅಂದ್ರೆ? ನಾವೆಲ್ಲ ಸತ್ತೋದ್ವಾ ಟೀಚರ್? ನಮ್ ಕುರಿ ಇನ್ನಾ ರೋಡ್ನಾಗೆ ಓಗ್ತಾ ಐತೆ. ನಮ್ಮಕ್ಕನ ಮಗಳು ನಿಮ್ ಮುಂದೇನೇ ಕುಂತವ್ಳೆ!"

ಮುಂದಿನ ಬೆಂಚಿನ ರೋಜಾ ತಲೆ ತಗ್ಗಿಸಿದಳು. ಸುಗನ್ಯಾ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಒಳ್ಳೇದಕ್ಕೇ..."

"ಪೋದುಂ ಟೀಚರ್, ಸಾಕು! ನಮ್ಮವ್ವ ನನ್ ಮದುವೇಗಂತ ನೂಲು ತೆಗ್ದು ನೇಯ್ಸಿದ್ದು ಇದು. ಗಂಡು ಎಣ್ಣು ಇದರ್ ಮ್ಯಾಲೆ ಕುಂತ್ರೇನೇ ನಮ್ಗೆ ಮದುವೆ!"

ಮೊಳೆಗಳನ್ನು ಬೆರಳಿನಿಂದಲೇ ಕಿತ್ತ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಸುಮ್ಮನೆಯೇ? ಅವತ್ತೆಲ್ಲ ಸುಗನ್ಯಾಗೆ ಊಟ ಸೇರಲಿಲ್ಲ.

'ಮಗ್ಗದ ಮನೇಲಿ ಹುಟ್ಟಿ ಬಟ್ಟೆಗೆ ಮೊಳೆ ಹೊಡೆದೆನಲ್ಲ! ಆದರೆ... ಮದುವೆಯ ಕಂಬಳಿಯನ್ನು ಅವನು ನನಗೇಕೆ ಕೊಟ್ಟ?'

ಶನಿವಾರ ಅವಳು ಮಕ್ಕಳನ್ನು ಕರೆದುಕೊಂಡು ಅವನು ಕುರಿ ಮೇಯಿಸುತ್ತಿದ್ದ ಹೊಲಕ್ಕೇ ಹೋದಳು. ರಾಗಿ ಕೊಯ್ದ ಹೊಲ. ಅವನು ಮುಖ ತಿರುಗಿಸಿದ.

ಅವಳು ಚಪ್ಪಲಿಯನ್ನು ದೂರ ಬಿಟ್ಟು ನೆಲದ ಮೇಲೆ ಕುಳಿತಳು.

"ಮಕ್ಳೇ, ಚೀಟೀಲಿ ನಾನು ಬರ್ದಿದ್ದು ತಪ್ಪು. ಇವರ ಕತೆ ಮುಗ್ದಿಲ್ಲ. ಇವತ್ತು ಪಾಠ ಇವರ್ದು. ನಾನೂ ನಿಮ್ ಜೊತೆ ಕುಂತು ಕೇಳ್ತೀನಿ."

ಅವನು ಕುರಿಗಳನ್ನೇ ನೋಡುತ್ತಿದ್ದ. ಎದ್ದು ಹೋಗಿ ಅಂದುಬಿಟ್ಟರೆ?

"ಮಾವ... ನಮ್ ತಾತ ಕುರಿ ಓಡ್ಸ್ಕಂಡು ಬಂದ ಕತೆ ಹೇಳ್ ಮಾವ," ಎಂದಳು ರೋಜಾ, ಈ ಸಲ ತಲೆ ಎತ್ತಿ.

ಅವನು ಹೆಗಲ ಮೇಲಿನ ಕಂಬಳಿ ಹಾಸಿದ. ಮೆಲ್ಲಗೆ ಮಾತು ಶುರುವಾಯಿತು. ಸುಗನ್ಯಾ ಚೀಲದಿಂದ ಸೂಜಿ, ಕರಿ ಉಣ್ಣೆಯ ನೂಲು ತೆಗೆದು, ಕಿವಿ ಅವನಿಗೆ ಕೊಟ್ಟು ಮೊಳೆಯ ತೂತು ಹೊಲಿಯತೊಡಗಿದಳು.

ಕತೆ ಮುಗಿದದ್ದೇ ಮಕ್ಕಳು ಕುರಿಮರಿಗಳ ಹಿಂದೆ ಓಡಿದರು.

"ಮದುವೆ ಕಂಬಳೀನ ನಂಗ್ಯಾಕೆ ಕೊಟ್ರಿ?"

"ನೀವು ಕೇಳುದ್ರಿ... ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ." ಅವನು ನೆಲ ನೋಡಿದ. "ಇದರ್ ಮ್ಯಾಲೆ ಪಕ್ಕದಾಗೆ ನೀವೇ ಕುಂತಂಗೆ ಕನಸು ಕಾಣೋನು, ಇನ್ಯಾರ್ ಕೈಗೆ ಕೊಡ್ಲಿ?"

ಅವಳ ಕಣ್ಣು ತುಂಬಿ ಬಂತು. ಸೂಜಿ ನಿಂತಿತು.

"ನಮ್ಮಪ್ಪಂಗೆ ನಾನೇ ಹೇಳ್ತೀನಿ. ಜಾತಿ ಅಂತ ಕೂಗಾಡ್ತಾರೆ... ಆದ್ರೂ ಒಪ್ಪಿಸ್ತೀನಿ."

"ಇನ್ನೊಂದು ಮೂಲೆ ಅಂಗೇ ಬುಟ್ರಲ್ಲ?"

"ಅದನ್ನ ನಿಮ್ ಮನೇಗೆ ಬಂದ್ಮೇಲೆ ಹೊಲೀತೀನಿ."

ಅವನು ಮೊದಲ ಸಲ ನಕ್ಕ.

"ಬೇಗ ಬಾ ಸುಗನ್ಯಾ... ಆ ತೂತ್ನಾಗೆ ಚಳಿ ನುಗ್ತೈತೆ."