ಬುಧವಾರದ ಗಡಿಕಾವಲು

ಮೊದಲ ಲಾಕ್‌ಡೌನ್‌ನಲ್ಲಿ ಐರ್ಲೆಂಡಿನ ಡ್ರೋಹೆಡಾ ಊರಿನ ಲೈಬ್ರರಿಯೊಂದು ಬುಧವಾರ ಸಂಜೆ ಆನ್‌ಲೈನ್‌ನಲ್ಲಿ ಹಳೆಯ ಚೀನೀ ಗಡಿಪದ್ಯಗಳನ್ನು ಓದಿಸುತ್ತಿತ್ತು. ದೇಶಕ್ಕಾಗಿ ಮರಳುಗಾಡಿನ ಗಡಿಗೆ ಹೊರಟ ಸೈನಿಕರ ಪದ್ಯಗಳು. ಮೈಸೂರಿನಿಂದ ಬಂದು ಅಲ್ಲೇ ಕೆಲಸಕ್ಕಿದ್ದ ಸಾಫ್ಟ್‌ವೇರ್ ಎಂಜಿನಿಯರ್ ದಿಲೀಪನಿಗೆ, ಅಂದರೆ ನನಗೆ, ಪದ್ಯಕ್ಕೂ ಯುದ್ಧಕ್ಕೂ ಸಂಬಂಧವೇ ಇರಲಿಲ್ಲ. ಮನುಷ್ಯರ ಮುಖ ಕಂಡರೆ ಸಾಕೆಂದು ಸೇರಿಕೊಂಡೆ.

ಎರಡನೇ ವಾರ ಪರದೆಯ ಮೂಲೆಯಿಂದ ಅಪ್ಪಟ ಗದಗಿನ ಕನ್ನಡ ಕೇಳಿಸಿತು. "ಅಯ್ಯ ಶಿವನ, ಹಾಲೆಲ್ಲಾ ಉಕ್ಕಿ ಹೋತು!"

ಮೈಕ್ ಬಂದ್ ಮಾಡಲು ಮರೆತವಳು ಮಧುಶ್ರೀ, ಇದೇ ಊರಿನ ಆಸ್ಪತ್ರೆಯಲ್ಲಿ ಐಸಿಯು ನರ್ಸ್. "ಒಲೆ ಒರೆಸಿ ಬನ್ನಿ, ಯುದ್ಧ ಕಾಯುತ್ತೆ" ಎಂದು ಅವಳಿಗೆ ಮೆಸೇಜ್ ಹಾಕಿದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿ, ತುಟಿ ಕಚ್ಚಿ ನಕ್ಕಳು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಪಾಠದ ಮೇಡಂ ಒಮ್ಮೆ ಕೇಳಿದರು, ತಿರುಗಿ ಬರುವ ಖಾತ್ರಿಯಿಲ್ಲದೆ ಈ ಸೈನಿಕರು ಹೊರಟಿದ್ದು ಸರಿಯೇ ಎಂದು. ನಿಜ ಹೇಳಬೇಕೆಂದರೆ ನನಗೆ ಇಷ್ಟವಾಗುತ್ತಿದ್ದದ್ದು ಹಿಂದೆ ಉಳಿದವರ ಪದ್ಯಗಳು, ದಾರಿ ಕಾಯುತ್ತಾ ಚಳಿಯಂಗಿ ಹೊಲಿಯುವ ಹೆಂಗಸರವು. ಆದರೆ ಮಧುಶ್ರೀ ಕಣ್ಣರಳಿಸಿ ಕೂತಿದ್ದಳು. "ದೇಶ ಕರೆದಾಗ ಹಿಂದೆಮುಂದೆ ನೋಡುವವನು ಮನುಷ್ಯನೇ ಅಲ್ಲ" ಎಂದುಬಿಟ್ಟೆ. ಜನ್ಮದಲ್ಲಿ ಎನ್‌ಸಿಸಿ ಕ್ಯಾಂಪಿಗೂ ಹೋದವನಲ್ಲ ನಾನು.

"ಮೈ ಜುಂ ಅಂತ್ರೀ ನಿಮ್ಮ ಮಾತಿಗೆ" ಎಂದು ಅವಳ ಮೆಸೇಜ್ ಬಂತು. ಅಲ್ಲಿಂದ ಪ್ರತಿ ಬುಧವಾರ ನಾನು ಗಡಿ ಕಾಯತೊಡಗಿದೆ.

ಆಮೇಲೆ ಬಾಯ್ನ್ ನದಿಯ ದಂಡೆಯಲ್ಲಿ ವಾಕಿಂಗ್. ನಡುವೆ ಎರಡು ಮೀಟರ್, ಮುಖಕ್ಕೆ ಮಾಸ್ಕ್. ಅವಳ ನಗು ಕಣ್ಣಂಚಿನಲ್ಲಿ ಶುರುವಾಗಿ ಮಾಸ್ಕಿನೊಳಗೆ ಇಳಿಯುತ್ತಿತ್ತು. ಉಳಿದದ್ದನ್ನು ನಾನೇ ಊಹಿಸಿಕೊಳ್ಳುತ್ತಿದ್ದೆ.

"ಹಂಗ ನೋಡಬ್ಯಾಡ್ರೀ, ನದ್ಯಾಗ ಬೀಳ್ತೀರಿ."

"ಬಿದ್ರೆ ಎತ್ತೋಕೆ ನರ್ಸ್ ಇದ್ದಾರಲ್ಲ."

ಒಂದು ವರ್ಷ ಹೀಗೇ ಕಳೆಯಿತು. ಹೇಳಬೇಕಾದ ಮಾತು ಮಾತ್ರ ಹೇಳಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್‌ನಲ್ಲಿ ನಮ್ಮ ದೇಶದ ಎರಡನೇ ಅಲೆಯ ಸುದ್ದಿ ನೋಡಲಾಗದಂತಾಯಿತು. ಒಂದು ಮಧ್ಯಾಹ್ನ ಅವಳು ದಂಡೆಯ ಬೆಂಚಿನ ತುದಿಯಲ್ಲಿ ಕೂತಳು.

"ನಾ ಕಲಿತ ಆಸ್ಪತ್ರ್ಯಾಗ ವೆಂಟಿಲೇಟರ್ ಬಂದು ಕುಂತಾವ. ನಡಸಾಕ ಗೊತ್ತಿರೋ ಮಂದಿ ಇಲ್ಲ. ಹೊಂಟೀನ್ರೀ."

"ರಜೆ ಕೊಟ್ರಾ?"

"ಇಲ್ಲ. ಕೆಲಸ ಬಿಡ್ತೀನಿ. ಇಲ್ಲಿರೋ ಪರ್ಮಿಟ್ ಹೋಗತೈತಿ, ಮತ್ತ ಬರಾಕ ಆಗೂದಿಲ್ಲ." ಕೈಬೆರಳು ನೋಡಿಕೊಂಡಳು. "ಎಲ್ಲಾರೂ ಹುಚ್ಚಿ ಅಂತಾರ. ನೀವೇನಂತೀರಿ?"

ಹೋಗಬೇಡ ಎನ್ನಲು ಬಾಯಿ ತೆರೆದೆ. ವರ್ಷವಿಡೀ ಆಡಿದ ದೊಡ್ಡ ಮಾತುಗಳೆಲ್ಲ ನೆನಪಾದವು. ಅವಳ ಕಣ್ಣಲ್ಲಿ ಸಣ್ಣವನಾಗುವ ಧೈರ್ಯ ನನಗಿರಲಿಲ್ಲ.

"ಗ್ರ್ಯಾಂಡ್" ಎಂದೆ, ಇಲ್ಲಿನವರು ಎಲ್ಲದಕ್ಕೂ ಅನ್ನುವ ಹಾಗೆ. "ಹೆಮ್ಮೆ ಆಗ್ತಿದೆ. ಹೋಗಿ ಬನ್ನಿ."

ಉಳಿದ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸಿ ಹತ್ತು ದಿನದಲ್ಲಿ ಹೊರಟಳು. ಆ ಹತ್ತು ದಿನ ನಾನು ಆಕ್ಸಿಮೀಟರ್ ಹುಡುಕಿ ತಂದೆ, ಸೂಟ್‌ಕೇಸ್ ತೂಗಿದೆ. ಪ್ರೀತಿಸಿದವಳನ್ನು ಸಾಗಹಾಕಲು ಇಷ್ಟು ಶ್ರದ್ಧೆಯಿಂದ ಯಾರೂ ದುಡಿದಿರಲಿಕ್ಕಿಲ್ಲ.

ಏರ್‌ಪೋರ್ಟ್ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನನ್ನಿಂದ ತಡೆಯಲಾಗಲಿಲ್ಲ.

"ಮಧು, ಹೋಗ್ಬೇಡ. ನಾನು ಹೇಳ್ತಿದ್ದಿದ್ದೆಲ್ಲ ಸುಳ್ಳು. ನಿನ್ನ ಮೆಚ್ಚಿಸೋಕೆ ಹೇಳ್ದೆ. ನಂಗೆ ದೇಶ ಗೀಶ ಏನೂ ಗೊತ್ತಿಲ್ಲ, ನೀನು ಬೇಕು."

ಅವಳು ಮಾಸ್ಕ್ ಕೆಳಗೆಳೆದಳು.

"ಅವತ್ತು ಬೆಂಚಿನ ಮ್ಯಾಲ ಇಷ್ಟು ಹೇಳಿದ್ದಿದ್ರ ಉಳೀತಿದ್ದೆ, ದಿಲೀಪ. ತಡೀತೀಯೇನೋ ಅಂತನ ಬಂದಿದ್ದೆ."

"ಈಗ ಉಳ್ಕೋ."

"ಈಗ ಅಲ್ಲಿ ಸೋಮವಾರದಿಂದ ಡ್ಯೂಟಿ ಹಾಕ್ಯಾರ." ಎರಡು ಮೀಟರ್ ದಾಟಿ ಬಂದು ನನ್ನ ಎದೆಗೆ ಹಣೆ ಒತ್ತಿದಳು. "ನಿನ್ನ ಸುಳ್ಳು ನನಗ ಖರೇನ ಆಗೇತಿ. ನಾ ಏನ್ ಮಾಡ್ಲಿ ಹೇಳು?"

ಅವಳ ಕೂದಲಲ್ಲಿ ಆಸ್ಪತ್ರೆಯ ಸ್ಯಾನಿಟೈಸರ್ ವಾಸನೆಯಿತ್ತು. ಬಿಡಿಸಿಕೊಂಡು ಬಸ್ಸು ಹತ್ತಿದಳು.

ನಾನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಿದ್ದೆ. ಏರ್‌ಪೋರ್ಟ್ ಬೇರೆ ಕೌಂಟಿಯಲ್ಲಿತ್ತು, ಜಿಲ್ಲೆ ದಾಟಲು ಇನ್ನೂ ಸರಕಾರ ಒಪ್ಪುವ ಕಾರಣ ಬೇಕಾಗಿದ್ದ ದಿನಗಳವು. ನಿನ್ನ ಕಾರಣವೇನು ಎಂದು ಡ್ರೈವರ್ ಮೆತ್ತಗೆ ಕೇಳಿದ. ಎರಡನೇ ಸೀಟಿನಲ್ಲಿ ಕೂತು ಅಳುತ್ತಿದ್ದವಳನ್ನು ತೋರಿಸಿದೆ. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಸಾರಿ ಎಂದು ಬಾಗಿಲು ಹಾಕಿದ.